ಲಾಂಛನಗಳಲ್ಲಿ ಪ್ರಾಣಿಗಳು: ಕೋಲಾರದ ಆನೆಯಿಂದ ಧರ್ಮಾಧ್ಯಕ್ಷರ ಗುರಾಣಿಯವರೆಗೆ

ನಮ್ಮ ಇಗರ್ಜಿಗಳಲ್ಲಿ ಪ್ರಾಣಿಗಳಿಗೆ ಕೊರತೆಯಿಲ್ಲ. ವಾಚನಪೀಠದಲ್ಲಿ ಹದ್ದು, ಬಲಿಪೀಠದ ಮುಂಭಾಗದಲ್ಲಿ ಕುರಿಮರಿ, ಪರಮಪ್ರಸಾದದ ಪೆಟ್ಟಿಗೆಯ ಬಾಗಿಲಲ್ಲಿ ಪೆಲಿಕನ್ ಹಕ್ಕಿ, ಸಂತ ಮಿಖೇಲರ ಕಾಲಡಿಯಲ್ಲಿ ಘಟಸರ್ಪ. ಧರ್ಮಾಧ್ಯಕ್ಷರ ಪತ್ರದ ತಲೆಭಾಗದಲ್ಲಿಯೂ ಕೆಲವೊಮ್ಮೆ ಸಿಂಹವೋ ಪಾರಿವಾಳವೋ ಕಾಣಿಸುತ್ತದೆ. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಇವುಗಳ ಬಗ್ಗೆ ಕೇಳುತ್ತಾರೆ. ಬೇರೆ ಧರ್ಮದ ನೆರೆಹೊರೆಯವರೂ ಕೇಳುತ್ತಾರೆ. ‘ಅಲಂಕಾರಕ್ಕೆ ಇಟ್ಟದ್ದು’ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಇಗರ್ಜಿಯ ಜೀರ್ಣೋದ್ಧಾರ ನಡೆಯುವಾಗ ಅರ್ಥ ತಿಳಿಯದ ಕೆತ್ತನೆಯೇ ಮೊದಲು ಮೂಲೆ ಸೇರುವುದು ಎಂಬುದನ್ನೂ ಮರೆಯಬಾರದು.

ಈ ಪ್ರಾಣಿಗಳನ್ನು ಓದುವ ಬಗೆ ತಿಳಿಯಲು ನಾವು ಯೂರೋಪಿಗೇ ಹೋಗಬೇಕಾಗಿಲ್ಲ. ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ಹಾಸನ, ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲು, ನಂಗಲಿಗಳ ಮೂಲಕ ವೆಲ್ಲೂರಿನ ಕಡೆಗೆ ಸಾಗುತ್ತದೆ. ಕರಾವಳಿಯ ನಮ್ಮನ್ನು ನಾಡಿನ ಪೂರ್ವದ ಅಂಚಿಗೆ ಜೋಡಿಸುವ ರಸ್ತೆ ಇದು. ಆ ತುದಿಯಲ್ಲಿರುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನೆಲದ ಮೇಲೆ ಹದಿನೈದು ಶತಮಾನಗಳಲ್ಲಿ ಆನೆ, ಗೂಳಿ, ಹುಲಿ, ಹಂದಿ, ಇತ್ತಲೆಯ ಹಕ್ಕಿ ಹೀಗೆ ಒಂದಾದ ಮೇಲೊಂದು ಲಾಂಛನ ಬಂದುಹೋಗಿದೆ. ಲಾಂಛನ ಎಂದರೇನು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ರಾಜ್ಯದಲ್ಲಿ ಅಪರೂಪ. ಈ ನಾಲ್ಕು ತಾಲ್ಲೂಕುಗಳಿರುವ ಕೋಲಾರ ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದೆ.

ಲಾಂಛನ ಎಂದರೆ ಸಹಿ

ಲಾಂಛನದ ಪ್ರಾಣಿ ಪೂಜೆಯ ವಸ್ತುವಲ್ಲ, ಬರೀ ಚಿತ್ರವೂ ಅಲ್ಲ. ಅದು ಒಂದು ಸಹಿ. ‘ಈ ಮಾತಿನ ಹಿಂದೆ ಇಂಥವರು ನಿಂತಿದ್ದಾರೆ’ ಎಂದು ಓದು ಬಾರದವನಿಗೂ ತಿಳಿಸುವ ಗುರುತು. ಆದ್ದರಿಂದ ಯಾವ ಲಾಂಛನದ ಮುಂದೆ ನಿಂತರೂ ನಾವು ಎರಡು ಪ್ರಶ್ನೆ ಕೇಳಬೇಕು. ಈ ಪ್ರಾಣಿ ಯಾರ ಪರವಾಗಿ ನಿಂತಿದೆ? ಯಾವ ಮಾತಿಗೆ ಸಾಕ್ಷಿ ಹೇಳುತ್ತಿದೆ? ಈ ಎರಡನ್ನು ಬಿಟ್ಟು ‘ಸಿಂಹ ಎಂದರೆ ಧೈರ್ಯ, ಆನೆ ಎಂದರೆ ಬಲ’ ಎಂದು ಪಟ್ಟಿ ಮಾಡಿದರೆ ಅರ್ಧ ಅರ್ಥವೂ ಸಿಗುವುದಿಲ್ಲ.

ಕೋಲಾರ: ಗಂಗರ ಆನೆ

ಕೋಲಾರದ ಹಳೆಯ ಹೆಸರು ಕುವಳಾಲ. ಸುಮಾರು ಕ್ರಿ.ಶ. 350ರ ಹೊತ್ತಿಗೆ ಕೊಂಗುಣಿವರ್ಮ ಸ್ಥಾಪಿಸಿದ ಗಂಗ ರಾಜ್ಯದ ಮೊದಲ ರಾಜಧಾನಿ ಇದು. ಅನಂತರ ರಾಜಧಾನಿ ಕಾವೇರಿ ತೀರದ ತಲಕಾಡಿಗೆ ಹೋಯಿತು. ಆದರೂ ಗಂಗರು ‘ಕುವಳಾಲ ಪುರವರಾಧೀಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಅವರ ಲಾಂಛನ ಮದಗಜ, ಅಂದರೆ ಮದವೇರಿದ ಆನೆ. ಧ್ವಜ ನವಿಲುಗರಿಯ ಕಟ್ಟು.

ಈ ಆನೆ ಎಲ್ಲಿ ಕಾಣಿಸುತ್ತಿತ್ತು ಎಂಬುದೇ ಮುಖ್ಯ. ರಾಜನು ಭೂಮಿ ದಾನ ಮಾಡಿದಾಗ ಅದನ್ನು ತಾಮ್ರದ ತಗಡುಗಳ ಮೇಲೆ ಕೊರೆಸುತ್ತಿದ್ದರು. ತಗಡುಗಳಿಗೆ ತೂತು ಮಾಡಿ, ಒಂದು ಬಳೆ ತೂರಿಸಿ, ಬಳೆಯ ಎರಡು ತುದಿಗಳನ್ನು ಮುದ್ರೆಯೊಳಗೆ ಬೆಸೆಯುತ್ತಿದ್ದರು. ಆ ಮುದ್ರೆಯ ಮೇಲೆ ಆನೆ ನಿಂತಿರುತ್ತಿತ್ತು. ಬಳೆ ಕತ್ತರಿಸದೆ ಹೊಸ ತಗಡು ಸೇರಿಸುವುದಾಗಲಿ ಇದ್ದುದನ್ನು ತೆಗೆಯುವುದಾಗಲಿ ಸಾಧ್ಯವಿಲ್ಲ. ಹಾಗಾಗಿ ಇಂದಿಗೂ ತಾಮ್ರಶಾಸನ ಸಿಕ್ಕಿದಾಗ ಬಳೆ ಇಡಿಯಾಗಿದೆಯೋ ಕತ್ತರಿಸಿದೆಯೋ ಎಂಬುದನ್ನು ವಿದ್ವಾಂಸರು ತಪ್ಪದೆ ದಾಖಲಿಸುತ್ತಾರೆ.

ಸಹಿ ಇದ್ದಲ್ಲಿ ಕಳ್ಳಸಹಿಯೂ ಇರುತ್ತದೆ. ಗಂಗರ ಹೆಸರಿನ ಹಲವು ತಾಮ್ರಶಾಸನಗಳು ಮುಂದಿನ ಕಾಲದವರು ಸೃಷ್ಟಿಸಿದ ಕೂಟಶಾಸನಗಳು ಎಂದು ಜೆ. ಎಫ್. ಫ್ಲೀಟ್ ವಾದಿಸಿದರು. ಕೋಲಾರ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಹೊರತಂದ ಬಿ. ಎಲ್. ರೈಸ್ ಗಂಗರ ಶಾಸನಗಳ ಪರವಾಗಿ ನಿಂತರು. ಆನೆಯ ಮುದ್ರೆಗೆ ಬೆಲೆ ಇದ್ದುದರಿಂದಲೇ ಅದನ್ನು ನಕಲು ಮಾಡುವ ಆಸೆಯೂ ಹುಟ್ಟಿತು. ಲಾಂಛನದ ಹಿಂದೆ ಭೂಮಿ, ನೀರು, ಅನ್ನದ ಪ್ರಶ್ನೆ ಇತ್ತು ಎಂಬುದಕ್ಕೆ ಇದೇ ಸಾಕ್ಷಿ.

ಲಾಂಛನದ ಆನೆ ಬೇರೆ, ಕಾಡಿನ ಆನೆ ಬೇರೆ. ಇತ್ತೀಚಿನ ವರ್ಷಗಳಲ್ಲಿ ತಮಿಳುನಾಡು ಮತ್ತು ಆಂಧ್ರದ ಗಡಿ ಕಾಡುಗಳಿಂದ ಆನೆಗಳ ಹಿಂಡು ಮಾಲೂರು, ಬಂಗಾರಪೇಟೆ ಕಡೆಯ ಹೊಲಗಳಿಗೆ ನುಗ್ಗಿ ರಾಗಿ, ತರಕಾರಿ ಬೆಳೆಯನ್ನು ತುಳಿದುಹಾಕಿವೆ. ಜೀವಹಾನಿಯೂ ಆಗಿದೆ. ತಾಮ್ರದ ಮೇಲಿನ ಆನೆ ರೈತನಿಗೆ ಭೂಮಿಯ ಭರವಸೆ ಕೊಟ್ಟಿತ್ತು. ಹೊಲಕ್ಕೆ ಬಂದ ಆನೆಯಿಂದ ಅದೇ ರೈತನ ಬೆಳೆ ಹಾಳಾಗುತ್ತಿದೆ. ನಿಜವಾದ ಪ್ರಾಣಿಯ ಸ್ವಭಾವದಿಂದ ಲಾಂಛನದ ಅರ್ಥ ಹುಟ್ಟಿದ್ದರೂ ಎರಡೂ ಒಂದೇ ಅಲ್ಲ.

ಕೋಲಾರಕ್ಕೆ ಬಂದ ಹುಲಿ

11ನೆಯ ಶತಮಾನದ ಆರಂಭದಲ್ಲಿ ಗಂಗವಾಡಿ ಚೋಳರ ವಶವಾಯಿತು. ಕೋಲಾರದ ಕೋಲಾರಮ್ಮ ದೇವಾಲಯದಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಚೋಳರ ಲಾಂಛನ ಕುಳಿತ ಹುಲಿ. ಅವರ ರಾಜಮುದ್ರೆಯಲ್ಲಿ ಹುಲಿಯ ಜೊತೆಗೆ ಎರಡು ಮೀನು ಮತ್ತು ಒಂದು ಬಿಲ್ಲು ಇವೆ. ಮೀನು ಪಾಂಡ್ಯರದು, ಬಿಲ್ಲು ಚೇರರದು. ‘ಆ ಇಬ್ಬರೂ ನಮಗೆ ಅಧೀನರು’ ಎಂಬ ಮಾತನ್ನು ಮುದ್ರೆ ಒಂದಕ್ಷರವೂ ಇಲ್ಲದೆ ಹೇಳುತ್ತದೆ.

ಮೀನಿನ ವಿಷಯ ಬಂದಾಗ ಕರಾವಳಿಯನ್ನೂ ನೆನೆಯಬೇಕು. ತುಳುನಾಡನ್ನು ಆಳಿದ ಆಳುಪರ ಲಾಂಛನವೂ ಜೋಡಿ ಮೀನು. ಅವರು ತಮ್ಮನ್ನು ಪಾಂಡ್ಯ ವಂಶದವರೆಂದು ಕರೆದುಕೊಂಡರು, ಅವರ ಚಿನ್ನದ ನಾಣ್ಯಗಳ ಮೇಲೆ ಎರಡು ಮೀನುಗಳಿವೆ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಮೊದಲ ಶತಮಾನಗಳ ಕ್ರೈಸ್ತರು ಬರೆದದ್ದೂ ಮೀನನ್ನೇ. ಗ್ರೀಕ್ ಭಾಷೆಯಲ್ಲಿ ಮೀನು ಎಂಬ ಪದದ ಐದು ಅಕ್ಷರಗಳು ‘ಯೇಸು ಕ್ರಿಸ್ತ, ದೇವರ ಪುತ್ರ, ಉದ್ಧಾರಕ’ ಎಂಬ ಮಾತಿನ ಮೊದಲಕ್ಷರಗಳಾಗುತ್ತವೆ. ಬಾರ್ಕೂರಿನ ನಾಣ್ಯದ ಮೀನು ಮತ್ತು ರೋಮಿನ ಗೋಡೆಯ ಮೀನು ನೋಟಕ್ಕೆ ಹತ್ತಿರ, ಅರ್ಥದಲ್ಲಿ ಬಹಳ ದೂರ. ಯಾರ ಪರವಾಗಿ, ಯಾವ ಮಾತಿಗೆ ಎಂದು ಕೇಳಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕೆತ್ತಿದ ಪ್ರಾಣಿಯೆಲ್ಲ ಲಾಂಛನವಲ್ಲ. ಕೋಲಾರಮ್ಮನ ಆವರಣದಲ್ಲಿ ಚೇಳಮ್ಮನ ಗುಡಿಯಿದೆ. ಅಲ್ಲಿನ ಚೇಳು ಯಾವ ರಾಜನ ಮುದ್ರೆಯೂ ಅಲ್ಲ, ಅದು ಚೇಳಿನ ಕಡಿತದಿಂದ ರಕ್ಷಣೆ ಬೇಡುವ ಜನರ ನಂಬಿಕೆಗೆ ಸೇರಿದ್ದು. ತುರುಗಳ ಕಾಳಗದಲ್ಲಿ ಮಡಿದವರ ವೀರಗಲ್ಲುಗಳಲ್ಲಿ ದನಗಳು ಕಾಣುತ್ತವೆ. ಅವು ನಡೆದ ಘಟನೆಯ ಚಿತ್ರ. ಸುಮಾರು 950ರ ಆತಕೂರು ಶಾಸನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಚಿತ್ರವಿದೆ. ಅದು ಹೆಸರಿದ್ದ ನಿಜವಾದ ನಾಯಿ.

ಮುಳಬಾಗಿಲು: ಗೂಳಿ, ಸಳನ ಸಿಂಹ ಮತ್ತು ವರಾಹ

ಪಾಲಾರ್ ನದಿಯ ಪೂರ್ವಕ್ಕೆ ಬಾಣ ಅರಸರ ಶಾಸನಗಳು ಹೆಚ್ಚು. ತಮ್ಮನ್ನು ಮಹಾಬಲಿಯ ವಂಶದವರೆಂದು ಹೇಳಿಕೊಂಡ ಬಾಣರ ಲಾಂಛನ ಗೂಳಿ, ಧ್ವಜ ಕಪ್ಪು. ಮುಳಬಾಗಿಲು ತಾಲ್ಲೂಕಿನ ಆವನಿಯ ರಾಮಲಿಂಗೇಶ್ವರ ದೇವಾಲಯಗಳ ಗುಂಪು 10ನೆಯ ಶತಮಾನದ ನೊಳಂಬರ ಕಾಲದ್ದು. ನೊಳಂಬರು ತಾವು ಪಲ್ಲವರ ಕುಲದವರು ಎಂದರು. ಪಲ್ಲವರ ಮುದ್ರೆಯಲ್ಲಿಯೂ ಗೂಳಿಯೇ. ಇವು ಶಿವನ ವಾಹನವಾದ ನಂದಿಯನ್ನು ನೆನಪಿಸುವ ಗೂಳಿಗಳು. ನಮ್ಮ ಸಂತ ಲೂಕರ ಎತ್ತಿಗೂ ಇವಕ್ಕೂ ಸಂಬಂಧವಿಲ್ಲ. ಲೂಕರ ಎತ್ತು ಯೆರುಸಲೇಮಿನ ದೇವಾಲಯದ ಬಲಿಪ್ರಾಣಿ. ಅವರ ಶುಭಸಂದೇಶ ಯಾಜಕ ಜಕರೀಯನ ಸೇವೆಯಿಂದ ಪ್ರಾರಂಭವಾಗುವುದರಿಂದ ಆ ಗುರುತು ಬಂದಿತು.

ನಂಗಲಿ ಇಂದು ಹೆದ್ದಾರಿಯ ಗಡಿ ಊರು. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಪೂರ್ವದ ಎಲ್ಲೆಯಾಗಿ ಈ ನಂಗಲಿಯ ಘಟ್ಟವನ್ನೇ ಹೆಸರಿಸುತ್ತವೆ. 1116ರಲ್ಲಿ ತಲಕಾಡನ್ನು ಚೋಳರಿಂದ ಗೆದ್ದವನು ಅವನು. ಹೊಯ್ಸಳರ ಲಾಂಛನದಲ್ಲಿ ಸಳನೆಂಬ ವೀರ ಮೇಲೆರಗುವ ಮೃಗವನ್ನು ಇರಿಯುತ್ತಾನೆ. ಸೊಸೆವೂರಿನಲ್ಲಿ, ಅಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಗುರುವಿನ ಮಾತಿನಂತೆ ಸಳ ಹುಲಿಯನ್ನು ಕೊಂದನೆಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಶಿಲ್ಪಿಗಳು ಆ ಮೃಗಕ್ಕೆ ಕೇಸರ ಕೊಟ್ಟು ಸಿಂಹವನ್ನಾಗಿ ಕೆತ್ತಿದರು. ಹುಲಿ ಲಾಂಛನದ ಚೋಳರನ್ನು ಸೋಲಿಸಿದ ಹೆಮ್ಮೆ ಇದರಲ್ಲಿ ಅಡಗಿದೆ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ವಿಜಯನಗರದ ಕಾಲದಲ್ಲಿ ಮುಳಬಾಗಿಲು ಒಂದು ರಾಜ್ಯದ, ಅಂದರೆ ಪ್ರಾಂತ್ಯದ, ಕೇಂದ್ರವಾಗಿತ್ತು. ‘ಮೂಡಲ ಬಾಗಿಲು’ ಎಂಬುದೇ ಮುಳಬಾಗಿಲು ಆಯಿತು ಎನ್ನುತ್ತಾರೆ. ಇಮ್ಮಡಿ ದೇವರಾಯನ ದಂಡನಾಯಕ ಲಕ್ಕಣ್ಣ ಇಲ್ಲಿಂದ ಆಡಳಿತ ನಡೆಸಿದನು. ವಿಜಯನಗರದ ಮುದ್ರೆಯಲ್ಲಿ ವರಾಹ, ಅದರ ಜೊತೆಗೆ ಸೂರ್ಯ, ಚಂದ್ರ ಮತ್ತು ಕಠಾರಿ. ಬಾದಾಮಿ ಚಾಲುಕ್ಯರ ಲಾಂಛನವೂ ವರಾಹವೇ ಆಗಿತ್ತು. ಮುಳುಗಿದ ಭೂಮಿಯನ್ನು ಎತ್ತಿದ ವಿಷ್ಣುವಿನ ಅವತಾರವನ್ನು ಲಾಂಛನವಾಗಿ ಇಟ್ಟುಕೊಂಡ ರಾಜನು ‘ನಾಡನ್ನು ಮೇಲೆತ್ತುವವನು ನಾನು’ ಎಂದು ಹೇಳಿಕೊಳ್ಳುತ್ತಿದ್ದನು. ಜನ ಚಿನ್ನದ ನಾಣ್ಯವನ್ನೂ ವರಾಹ ಎಂದೇ ಕರೆದರು. ಸೂರ್ಯಚಂದ್ರರ ಗುರುತು ಅವರಿರುವವರೆಗೆ ದಾನ ನಡೆಯಲಿ ಎಂಬುದಕ್ಕೆ.

ಮಾಲೂರು: ಹೆಸರಿನಲ್ಲಿಯೇ ಹಕ್ಕಿ

ಇಂದು ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಮಾಲೂರು ತಾಲ್ಲೂಕಿನಲ್ಲಿ ತೇಕಲ್ ಎಂಬ ಊರಿದೆ. 15ನೆಯ ಶತಮಾನದ ಅಲ್ಲಿನ ಶಾಸನಗಳಲ್ಲಿ ಸಾಳುವ ಗೋಪರಾಜನ ಹೆಸರು ಬರುತ್ತದೆ. ಸಾಳುವ ಎಂದರೆ ಬೇಟೆಗೆ ಪಳಗಿಸಿದ ಡೇಗೆ ಹಕ್ಕಿ. ಶತ್ರುವಿನ ಮೇಲೆ ಡೇಗೆಯಂತೆ ಎರಗುವವರು ಎಂಬ ಬಿರುದೇ ಮನೆತನದ ಹೆಸರಾಗಿ ನಿಂತಿತು. ಪ್ರಾಣಿ ಇಲ್ಲಿ ಮುದ್ರೆಗಿಂತ ಮೊದಲು ಹೆಸರಿನಲ್ಲಿ ಕುಳಿತಿದೆ. ಯೂರೋಪಿನಲ್ಲಿಯೂ ಮನೆತನದ ಹೆಸರನ್ನೇ ಚಿತ್ರವಾಗಿಸಿದ ಲಾಂಛನಗಳು ಬಹಳಷ್ಟಿವೆ.

ಪವಿತ್ರ ಗ್ರಂಥದಲ್ಲಿಯೂ ಇಂಥದ್ದುಂಟು. ಆದಿಕಾಂಡದ 49ನೆಯ ಅಧ್ಯಾಯದಲ್ಲಿ ಸಾಯುವ ಮೊದಲು ಯಕೋಬನು ಮಕ್ಕಳನ್ನು ಹರಸುವಾಗ ಯೂದನನ್ನು ಸಿಂಹಕ್ಕೆ, ಇಸ್ಸಾಕಾರನನ್ನು ಕತ್ತೆಗೆ, ದಾನನನ್ನು ಹಾವಿಗೆ, ನಫ್ತಾಲಿಯನ್ನು ಜಿಂಕೆಗೆ, ಬೆನ್ಯಾಮೀನನನ್ನು ತೋಳಕ್ಕೆ ಹೋಲಿಸುತ್ತಾನೆ. ಅಲ್ಲಿ ಕತ್ತೆಗೂ ಸ್ಥಾನವಿದೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು. ಹೊರೆ ಹೊರುವವನೂ ಕುಲಕ್ಕೆ ಬೇಕಾದವನೇ.

ಶ್ರೀನಿವಾಸಪುರ: ಮೈಸೂರಿನ ಗಂಡಭೇರುಂಡ

ಮಾವಿಗೆ ಹೆಸರಾದ ಶ್ರೀನಿವಾಸಪುರದ ಹಿಂದಿನ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಊರಿಗೆ ಇಟ್ಟರು. 1799ರಲ್ಲಿ ಒಡೆಯರಿಗೆ ಮರಳಿ ಬಂದ ಮೈಸೂರು ಸಂಸ್ಥಾನದ ಮೊದಲ ದಿವಾನರು ಅವರು. ಆ ಸಂಸ್ಥಾನದ ಲಾಂಛನ ಗಂಡಭೇರುಂಡ, ಎರಡು ತಲೆಯ ಹಕ್ಕಿ.

ಇದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಆದರೂ ನಮ್ಮ ನಾಡಿನಲ್ಲಿ ಅದರ ದಾಖಲೆ ಹಳೆಯದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಈ ಹಕ್ಕಿ ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನು ಹಿಡಿದಿದೆ. ನಿಜವಾದ ಪ್ರಾಣಿಗಳಲ್ಲಿ ದೊಡ್ಡದಾದ ಆನೆಯನ್ನೇ ಹಿಡಿಯಬೇಕಾದರೆ ನಿಜಕ್ಕೂ ಮೀರಿದ ಪ್ರಾಣಿಯೇ ಬೇಕು. ಕಾಲ್ಪನಿಕ ಪ್ರಾಣಿ ಲಾಂಛನಕ್ಕೆ ಬರುವುದು ಹೀಗೆ: ಕಣ್ಣಿಗೆ ಕಾಣುವ ಯಾವ ಬಲವೂ ಸಾಲದು ಎಂದಾಗ.

ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡವಿದೆ. ಎರಡೂ ಬದಿಗೆ ಸಿಂಹದ ಮೈ, ಆನೆಯ ತಲೆಯ ಕಾಲ್ಪನಿಕ ಪ್ರಾಣಿಗಳು ನಿಂತಿವೆ. ಮೇಲೆ ಸಾರಾನಾಥದ ಸಿಂಹಗಳು. ಇದೇ ಸಿಂಹಸ್ತಂಭ 1950ರ ಜನವರಿ 26ರಂದು ನಮ್ಮ ರಾಷ್ಟ್ರಲಾಂಛನವಾಯಿತು. ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಅರಮನೆಯ ಹಕ್ಕಿ ಈಗ ಜನರ ಹಕ್ಕಿ. ಶಾಲೆಯ ಪ್ರಮಾಣಪತ್ರ, ಪಹಣಿ, ಕೆ.ಎಸ್.ಆರ್.ಟಿ.ಸಿ. ಬಸ್ಸು ಎಲ್ಲೆಲ್ಲಿಯೂ ಅದು ನಮ್ಮ ಮುಂದೆ ಬರುತ್ತದೆ. ಪ್ರಾಣಿ ಬದಲಾಗದೆ ಅದರ ಹಿಂದೆ ನಿಂತವರು ಬದಲಾದರು.

ಬೈಜಾಂಟಿಯಮ್, ರಷ್ಯಾಗಳ ಲಾಂಛನಗಳಲ್ಲಿಯೂ ಎರಡು ತಲೆಯ ಹದ್ದು ಇದೆ. ತಕ್ಷಶಿಲೆಯ ಸಿರ್ಕಪ್‌ನ ಸ್ತೂಪವೊಂದರಲ್ಲಿಯೂ ಅಂಥ ಹಕ್ಕಿಯಿದೆ. ರೂಪ ಒಂದೇ ಎಂಬ ಕಾರಣಕ್ಕೆ ಇವೆಲ್ಲದರ ಅರ್ಥವೂ ಒಂದೇ ಎನ್ನಲಾಗದು.

ಒಂದೇ ಹುಲಿ, ಹಲವು ನೆನಪು

ಕೋಲಾರ ಜಿಲ್ಲೆಯ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ನಗರದಲ್ಲಿದೆ. ಮೊದಲ ಮೈಸೂರು ಯುದ್ಧದಲ್ಲಿ 1768ರ ಅಕ್ಟೋಬರಿನಲ್ಲಿ ಹೈದರನ ಸೈನ್ಯಕ್ಕೂ ಕಂಪನಿ ಸೈನ್ಯಕ್ಕೂ ಮುಳಬಾಗಿಲಿನ ಬಂಡೆಗಳ ನಡುವೆ ಕಾಳಗ ನಡೆಯಿತು. ಅವನ ಮಗ ಟಿಪ್ಪು ಸುಲ್ತಾನ ಹುಲಿಯನ್ನು ತನ್ನ ಗುರುತಾಗಿ ಮಾಡಿಕೊಂಡನು. ಸೈನಿಕರ ಬಟ್ಟೆಯಲ್ಲಿ ಹುಲಿಪಟ್ಟೆ, ಫಿರಂಗಿಯ ಬಾಯಲ್ಲಿ ಹುಲಿಮುಖ, ಸಿಂಹಾಸನದಲ್ಲಿ ಹುಲಿಯ ತಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಬ್ರಿಟಿಷರು ಹೊರಡಿಸಿದ ಪದಕದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿದೆ. ಹೊಯ್ಸಳರ ಸಳನ ಹಾಗೆಯೇ, ಇಲ್ಲಿಯೂ ರಾಜಕೀಯವನ್ನು ಮಾತಾಡಿದ್ದು ಪ್ರಾಣಿಗಳು.

ಕರಾವಳಿಯ ನಮ್ಮ ಮನೆತನಗಳಿಗೆ ಆ ಹುಲಿಪಟ್ಟೆಯ ನೆನಪು ಬೇರೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ಅನೇಕರು ದಾರಿಯಲ್ಲಿ ಮತ್ತು ಸೆರೆಯಲ್ಲಿ ಸತ್ತರು. ಉಳಿದವರು 1799ರ ನಂತರ ಮರಳಿ ಬಂದರು. ಕಂಪನಿಯ ವಿರುದ್ಧ ಹೋರಾಡಿದವನ ಗುರುತೆಂದು ಅದೇ ಹುಲಿಯನ್ನು ಗೌರವಿಸುವ ಜನರೂ ನಮ್ಮ ನಾಡಿನಲ್ಲಿದ್ದಾರೆ. ಆದರೆ ದಸರಾ ಬಂದಾಗ ಮಂಗಳೂರಿನ ಬೀದಿಯಲ್ಲಿ ಹುಲಿವೇಷ ಕುಣಿಯುವಾಗ ಯಾರೂ ಆ ಯುದ್ಧವನ್ನು ನೆನೆಯುವುದಿಲ್ಲ. ಒಂದೇ ಪ್ರಾಣಿ ಒಬ್ಬರಿಗೆ ಗಾಯ, ಇನ್ನೊಬ್ಬರಿಗೆ ಹೆಮ್ಮೆ, ಮತ್ತೊಬ್ಬರಿಗೆ ಹಬ್ಬ. ಒಬ್ಬರ ನೆನಪನ್ನು ಸುಳ್ಳೆನ್ನದೆ ಇನ್ನೊಬ್ಬರ ನೆನಪನ್ನು ಕೇಳುವ ತಾಳ್ಮೆ ನಮಗೆ ಬೇಕು.

ಪವಿತ್ರ ಗ್ರಂಥವೂ ಇದನ್ನೇ ಕಲಿಸುತ್ತದೆ. ಪ್ರಕಟಣಾ ಗ್ರಂಥದಲ್ಲಿ (5:5) ಕ್ರಿಸ್ತರು ಯೂದ ಕುಲದ ಸಿಂಹ. ಪೇತ್ರನ ಮೊದಲ ಪತ್ರದಲ್ಲಿ (5:8) ಸೈತಾನನು ಗರ್ಜಿಸುವ ಸಿಂಹ. ಆದಿಕಾಂಡದ ಸರ್ಪ ಮೋಸಗಾರ. ಮೋಶೆ ಎತ್ತಿ ನಿಲ್ಲಿಸಿದ ಕಂಚಿನ ಸರ್ಪವನ್ನು ಯೇಸುಸ್ವಾಮಿ ತಮ್ಮ ಶಿಲುಬೆಗೆ ಹೋಲಿಸಿದರು (ಯೊವಾನ್ನ 3:14).

ಇಗರ್ಜಿಯ ಪ್ರಾಣಿಗಳು

ನಮ್ಮ ಇಗರ್ಜಿಗಳಲ್ಲಿ ಹೆಚ್ಚಾಗಿ ಕಾಣುವ ಪ್ರಾಣಿಗಳ ಅರ್ಥ ಇಲ್ಲಿದೆ.

ನಾಲ್ಕು ಜೀವಿಗಳು: ಪ್ರವಾದಿ ಯೆಜೆಕಿಯೇಲನ ಮೊದಲ ಅಧ್ಯಾಯ ಮತ್ತು ಪ್ರಕಟಣಾ ಗ್ರಂಥದ 4ನೆಯ ಅಧ್ಯಾಯದಿಂದ ಬಂದವು. ಸಂತ ಮತ್ತಾಯರಿಗೆ ಮನುಷ್ಯ, ಮಾರ್ಕರಿಗೆ ಸಿಂಹ, ಲೂಕರಿಗೆ ಎತ್ತು, ಯೊವಾನ್ನರಿಗೆ ಹದ್ದು ಎಂಬ ಇಂದಿನ ಕ್ರಮ ಸಂತ ಜೆರೋಮರಿಂದ ನೆಲೆಗೊಂಡಿತು. ಅದಕ್ಕೂ ಮೊದಲು ಸಂತ ಇರೆನೇಯುಸರು ಸಿಂಹವನ್ನು ಯೊವಾನ್ನರಿಗೂ ಹದ್ದನ್ನು ಮಾರ್ಕರಿಗೂ ಕೊಟ್ಟಿದ್ದರು.

ಪೆಲಿಕನ್: ತನ್ನ ಎದೆಯನ್ನು ಕುಕ್ಕಿ ರಕ್ತದಿಂದ ಮರಿಗಳನ್ನು ಬದುಕಿಸುತ್ತದೆ ಎಂಬ ನಂಬಿಕೆಯಿಂದ ಇದು ಪರಮಪ್ರಸಾದದ ಗುರುತಾಯಿತು. ನಿಜವಾದ ಪೆಲಿಕನ್ ಹಾಗೆ ಮಾಡುವುದಿಲ್ಲ. ‘ಫಿಸಿಯೊಲೋಗಸ್’ ಎಂಬ ಪ್ರಾಚೀನ ಗ್ರೀಕ್ ಪುಸ್ತಕ ಈ ಕಥೆಯನ್ನು ಎಲ್ಲೆಡೆ ಹರಡಿತು. ಪಕ್ಷಿಶಾಸ್ತ್ರ ತಪ್ಪಾದರೂ ಗುರುತು ಹೇಳುವ ಮಾತು ಕ್ರಿಸ್ತರ ಬಗ್ಗೆ.

ಘಟಸರ್ಪ: ಸಂತ ಮಿಖೇಲ ಮತ್ತು ಸಂತ ಜಾರ್ಜರ ಕಾಲಡಿಯಲ್ಲಿ ಇದು ಸೋತ ಕೆಡುಕು. ಆದರೆ ಪೋಪ್ 13ನೆಯ ಗ್ರೆಗೊರಿಯವರ ಮನೆತನದ ಲಾಂಛನದಲ್ಲಿ ಘಟಸರ್ಪವೇ ಇತ್ತು. ನಾವು ಇಂದು ಬಳಸುವ ಕ್ಯಾಲೆಂಡರನ್ನು 1582ರಲ್ಲಿ ಜಾರಿಗೆ ತಂದವರು ಅವರು. ಅಲ್ಲಿ ಅದು ಕೆಡುಕಿನ ಗುರುತಲ್ಲ, ಮನೆತನದ ಗುರುತು ಮಾತ್ರ.

ಪಾರಿವಾಳ: ಪವಿತ್ರಾತ್ಮರ ಗುರುತು. ಬಾಯಲ್ಲಿ ಆಲಿವ್ ಚಿಗುರು ಇದ್ದರೆ ನೋಹನ ಪಾರಿವಾಳ, ಶಾಂತಿಯ ಗುರುತು. ಯುದ್ಧಕಾಲದ ಪೋಪ್ 12ನೆಯ ಪಿಯುಸರ ಲಾಂಛನದಲ್ಲಿ ಇದ್ದದ್ದು ಈ ಪಾರಿವಾಳ.

ಧರ್ಮಾಧ್ಯಕ್ಷರ ಲಾಂಛನವನ್ನು ಓದುವ ಬಗೆ

ಯೂರೋಪಿನ ಗುರಾಣಿ ಲಾಂಛನಗಳು 12ನೆಯ ಶತಮಾನದಲ್ಲಿ ರೂಪುಗೊಂಡವು. ಶಿರಸ್ತ್ರಾಣದೊಳಗೆ ಮುಖ ಮರೆಯಾದ ಯೋಧನನ್ನು ದೂರದಿಂದ ಗುರುತಿಸಲು ಅವು ನೆರವಾದವು. ಧರ್ಮಸಭೆ ಆ ಗುರಾಣಿಯನ್ನು ತೆಗೆದುಕೊಂಡು ಶಿರಸ್ತ್ರಾಣದ ಬದಲು ಟೊಪ್ಪಿ ಇಟ್ಟಿತು. ಗುರಾಣಿಯ ಮೇಲಿನ ಅಗಲ ಅಂಚಿನ ಟೊಪ್ಪಿಯಿಂದ ಇಳಿಬಿದ್ದ ಗೊಂಡೆಗಳನ್ನು ಎಣಿಸಿರಿ. ಒಂದೊಂದು ಬದಿಗೆ ಆರು ಹಸಿರು ಗೊಂಡೆಗಳಿದ್ದರೆ ಧರ್ಮಾಧ್ಯಕ್ಷರು. ಹತ್ತು ಇದ್ದರೆ ಮಹಾಧರ್ಮಾಧ್ಯಕ್ಷರು. ಹದಿನೈದು ಕೆಂಪು ಗೊಂಡೆಗಳಿದ್ದರೆ ಕಾರ್ಡಿನಲ್. ಗುರಾಣಿಯ ಹಿಂದಿನ ಶಿಲುಬೆಗೆ ಒಂದು ಅಡ್ಡಪಟ್ಟಿ ಇದ್ದರೆ ಧರ್ಮಾಧ್ಯಕ್ಷರು, ಎರಡು ಇದ್ದರೆ ಮಹಾಧರ್ಮಾಧ್ಯಕ್ಷರು.

ಗುರಾಣಿಯ ಬಲಗಡೆ ಎಂದರೆ ಅದನ್ನು ಹಿಡಿದವನ ಬಲಗಡೆ, ನೋಡುವ ನಮಗೆ ಎಡಗಡೆ. ಪ್ರಾಣಿಗಳು ಸಾಮಾನ್ಯವಾಗಿ ಆ ಕಡೆಗೇ ಮುಖ ಮಾಡಿರುತ್ತವೆ. ಚಿನ್ನ, ಬೆಳ್ಳಿ ಎಂದರೆ ಹಳದಿ ಮತ್ತು ಬಿಳಿ. ಇವನ್ನು ಒಂದರ ಮೇಲೊಂದು ಇಡುವುದಿಲ್ಲ, ಗಾಢ ಬಣ್ಣವನ್ನು ಗಾಢ ಬಣ್ಣದ ಮೇಲೆಯೂ ಇಡುವುದಿಲ್ಲ. ದೂರದಿಂದ ಕಾಣಬೇಕೆಂಬುದೇ ಕಾರಣ.

ಪ್ರಾಣಿಯನ್ನು ಇಟ್ಟುಕೊಂಡ ಕಾರಣ ತಿಳಿದರೆ ಗುರುಗಳ ಮನಸ್ಸೂ ತಿಳಿಯುತ್ತದೆ. ವೆನಿಸ್ ನಗರದಿಂದ ಪೋಪ್ ಸ್ಥಾನಕ್ಕೆ ಬಂದ 10ನೆಯ ಪಿಯುಸ್, 23ನೆಯ ಜಾನ್, 1ನೆಯ ಜಾನ್ ಪೌಲ್ ಮೂವರೂ ಆ ನಗರದ ಪಾಲಕ ಸಂತ ಮಾರ್ಕರ ಸಿಂಹವನ್ನು ಉಳಿಸಿಕೊಂಡರು. ಬಿಟ್ಟು ಬಂದ ಜನರನ್ನು ಮರೆತಿಲ್ಲ ಎಂಬುದು ಅದರ ಅರ್ಥ. 16ನೆಯ ಬೆನೆಡಿಕ್ಟರ ಲಾಂಛನದಲ್ಲಿ ಬೆನ್ನ ಮೇಲೆ ಹೊರೆ ಹೊತ್ತ ಕರಡಿಯಿತ್ತು. ಸಂತ ಕೊರ್ಬಿನಿಯನ್ ರೋಮಿಗೆ ಹೋಗುವಾಗ ಕರಡಿಯೊಂದು ಅವರ ಕುದುರೆಯನ್ನು ಕೊಂದಿತಂತೆ. ಸಂತರು ಆ ಕರಡಿಯಿಂದಲೇ ಗಂಟುಮೂಟೆ ಹೊರಿಸಿದರು ಎಂಬ ಕಥೆಯಿದೆ. ಧರ್ಮಸಭೆಯ ಹೊರೆ ಹೊರುವ ಪ್ರಾಣಿ ತಾವು ಎಂದು ಆ ಪೋಪ್ ತಮ್ಮನ್ನು ತಿಳಿದುಕೊಂಡಿದ್ದರು. 2025ರ ಮೇ 8ರಂದು ಆಯ್ಕೆಯಾದ 14ನೆಯ ಲಿಯೊ ಅವರ ಹೆಸರಿನ ಅರ್ಥವೇ ಸಿಂಹ. ಆದರೆ ಅವರ ಲಾಂಛನದಲ್ಲಿ ಸಿಂಹವಿಲ್ಲ. ಲಿಲ್ಲಿ ಹೂವು, ಪುಸ್ತಕ ಮತ್ತು ಬಾಣ ನೆಟ್ಟ ಹೃದಯವಿದೆ. ಇದು ಅವರ ಅಗಸ್ಟೀನಿಯನ್ ಸಭೆಯ ಗುರುತು.

ಧರ್ಮಕೇಂದ್ರಗಳಿಗೆ ಕೆಲವು ಸೂಚನೆಗಳು

ಧರ್ಮಕೇಂದ್ರದ ಶತಮಾನೋತ್ಸವ, ಸಂಘಗಳ ಬೆಳ್ಳಿಹಬ್ಬ ಬಂದಾಗ ಲಾಂಛನ ಮಾಡಿಸುವುದು ಈಗ ಸಾಮಾನ್ಯ. ಪ್ರಾಣಿಯನ್ನು ಆರಿಸುವ ಮೊದಲು ಪಾಲನಾ ಮಂಡಳಿಯಲ್ಲಿ ಕುಳಿತು ‘ನಾವು ಯಾರಿಗೆ ಯಾವ ಮಾತು ಕೊಡುತ್ತಿದ್ದೇವೆ’ ಎಂದು ಕೇಳಿಕೊಳ್ಳಿ. ನೋಡಲು ಚೆನ್ನಾಗಿದೆ ಎಂದು ಸಿಂಹ ಹಾಕಿದರೆ ಅದು ಯಾರ ಸಿಂಹವೂ ಆಗುವುದಿಲ್ಲ. ಮೀನುಗಾರರ ಧರ್ಮಕೇಂದ್ರಕ್ಕೆ ಮೀನು, ಆಸ್ಪತ್ರೆಯ ಸೇವೆಗೆ ಪೆಲಿಕನ್ ತಾವಾಗಿಯೇ ಹೊಂದುತ್ತವೆ. ಟೊಪ್ಪಿ ಮತ್ತು ಗೊಂಡೆಗಳನ್ನು ಸಂಘದ ಲಾಂಛನದಲ್ಲಿ ಬಳಸಬಾರದು, ಅವು ಪದವಿಯ ಗುರುತುಗಳು. ರಾಷ್ಟ್ರಲಾಂಛನ, ರಾಜ್ಯಲಾಂಛನಗಳನ್ನು ಖಾಸಗಿಯಾಗಿ ಬಳಸಲು ಕಾನೂನಿನ ಅನುಮತಿಯಿಲ್ಲ.

ಇಗರ್ಜಿಯ ಹಳೆಯ ಕೆತ್ತನೆಯನ್ನು ತೆಗೆಯುವ ಮುನ್ನ ಅ‌ದರ ಫೋಟೊ ತೆಗೆದು, ಎಲ್ಲಿತ್ತು, ಯಾರು ಕೊಟ್ಟದ್ದು ಎಂಬುದನ್ನು ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಬರೆದಿಡಿ. ಅರ್ಥ ತಿಳಿಯದಿದ್ದರೆ ಹಿರಿಯ ಗುರುಗಳನ್ನು ಕೇಳಿ.

ಕೋಲಾರ ಸೀಮೆಯಲ್ಲಿ ಕೆಲಸ ಮಾಡುವ ನಮ್ಮ ಗುರುಗಳು, ಧರ್ಮಭಗಿನಿಯರು ಮತ್ತು ಶಿಕ್ಷಕರಿಗೆ ಇನ್ನೊಂದು ಮಾತು. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಅಕ್ಷರ ಅಥವಾ ಪ್ರಾಣಿ ಕೆತ್ತಿದ ಕಲ್ಲು ಕಂಡರೆ ಅದನ್ನು ಕದಲಿಸಬೇಡಿ, ಬಣ್ಣ ಅಥವಾ ಸುಣ್ಣ ಬಳಿಯಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆದು ರಾಜ್ಯದ ಪುರಾತತ್ವ ಇಲಾಖೆಗೋ ತಹಶೀಲ್ದಾರರ ಕಚೇರಿಗೋ ತಿಳಿಸಿ. ತಾಮ್ರದ ತಗಡು ಸಿಕ್ಕಿದರೆ ಬಳೆಯನ್ನು ಕತ್ತರಿಸಬೇಡಿ, ಮುದ್ರೆಯನ್ನು ಉಜ್ಜಿ ತೊಳೆಯಬೇಡಿ. ಯಾರೋ ಯಾರಿಗೋ ಕೊಟ್ಟ ಮಾತಿಗೆ ಆ ಮುದ್ರೆಯ ಪ್ರಾಣಿ ಇನ್ನೂ ಸಾಕ್ಷಿಯಾಗಿ ನಿಂತಿದೆ. ಅದು ಅಳಿಸಿಹೋದರೆ ಆ ಮಾತು ಯಾರದೆಂದು ಹೇಳುವವರು ಬೇರೆ ಇಲ್ಲ.